ಅದಕ್ಕೆ ಅವರು ವ್ರತ ಎಂದರು

ಇಪ್ಪತ್ತರ ಹುಡುಗನೊಬ್ಬ ಉಣ್ಣುವುದನ್ನು ಬಿಟ್ಟರೆ ಏನಾಯಿತು ಎಂದು ಕೇಳಬೇಕು. ನಮ್ಮ ಮನೆಯಲ್ಲಿ ಯಾವ ವ್ರತ ಎಂದು ಕೇಳಿದರು. ಅವನು ಮಾತು ಬಿಟ್ಟಾಗ ಎಂಥ ಮೌನ ಎಂದು ಕೈ ಮುಗಿದರು. ಗೋಡೆಯ ಕಡೆ ಮುಖ ಮಾಡಿ ಮಲಗಿದಾಗ ಸಂಸಾರದ ಆಸೆ ಹೋಗಿದೆ ಎಂದರು. ಇಷ್ಟು ವರ್ಷಗಳಾದ ಮೇಲೂ ಇದನ್ನು ಶಾಂತವಾಗಿ ಬರೆಯಲು ನನಗೆ ಬರುವುದಿಲ್ಲ. ಬರಬೇಕು ಎಂದೂ ನನಗೆ ಅನಿಸಿಲ್ಲ.

ನಮ್ಮ ಊರು ಐನಾಪುರಕ್ಕೂ ಕೃಷ್ಣೆಗೂ ನಡುವೆ ಇದೆ. ನಮ್ಮದು ಜೈನ ಒಕ್ಕಲುತನದ ಮನೆ. ಬೆಳೆದ ಕಬ್ಬು ಉಗಾರದ ಕಾರ್ಖಾನೆಗೆ ಹೋಗುತ್ತಿತ್ತು. ಅಪ್ಪ ಅವ್ವ ಇಬ್ಬರೂ ಬೇಗ ತೀರಿಹೋದದ್ದರಿಂದ ನನ್ನನ್ನು ಬೆಳೆಸಿದವರು ಕಾಕಾ ಮತ್ತು ಕಾಕು, ಅಂದರೆ ಚಿಕ್ಕಪ್ಪ ಚಿಕ್ಕಮ್ಮ. ಚಿಕ್ಕೋಡಿಯಲ್ಲಿ ಬಿ.ಎ. ಮುಗಿಸಿ ಆಗಷ್ಟೇ ಊರಿಗೆ ಮರಳಿದ್ದೆ. ಕಾಕಾನ ಒಬ್ಬನೇ ಮಗನನ್ನು ನಾನು ತಮ್ಮ ಎಂದೇ ಕರೆಯುತ್ತಿದ್ದೆ. ಪಿಯುಸಿ ಆದ ಮೇಲೆ ಅವನು ಸೂರತ್ತಿನ ಒಂದು ಅರಿವೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದ. ರಾಯಬಾಗ ತಾಲ್ಲೂಕಿನ ಪಾಲಬಾವಿಯ ಹುಡುಗನೊಬ್ಬ ಅಲ್ಲಿ ಅವನ ಜೊತೆ ಒಂದೇ ಖೋಲಿಯಲ್ಲಿದ್ದ. ಕುರಿ ಕಾಯುವವರ ಮನೆಯ ಹುಡುಗ, ಬಹಳ ನಗಿಸುತ್ತಾನೆ ಎಂದು ತಮ್ಮ ರಜೆಗೆ ಬಂದಾಗ ಹೇಳಿದ್ದು ನೆನಪಿದೆ.

ತೊಂಬತ್ತರ ದಶಕದ ಆ ಮಳೆಗಾಲದ ಕೊನೆಗೆ ಸೂರತ್ತಿನಲ್ಲಿ ಪ್ಲೇಗು ಎಂಬ ಸುದ್ದಿ ರೇಡಿಯೋದಲ್ಲಿ ಬಂತು. ಊರಲ್ಲಿ ಯಾರಿಗೂ ಜ್ವರವಿರಲಿಲ್ಲ. ಆದರೂ ಪೇಟೆಯ ಔಷಧ ಅಂಗಡಿಯಲ್ಲಿ ಟೆಟ್ರಾಸೈಕ್ಲಿನ್ ಗುಳಿಗೆ ಮುಗಿದುಹೋಯಿತು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತವರು, ತಂಬಾಕು ತಿನ್ನಲು ಅದನ್ನು ಇಳಿಸಿ, ಉಗುಳಿ, ಮತ್ತೆ ಏರಿಸುತ್ತಿದ್ದರು.

ಆ ದಿನಗಳಲ್ಲೇ ತಮ್ಮ ಬಂದ. ಮಿರಜಿನಲ್ಲಿ ರೈಲು ಇಳಿದು, ಕಾಗವಾಡದವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಸಿಕ್ಕ ಗಾಡಿ ಹಿಡಿದು ಬಂದಿದ್ದ. ಊರ ಅಗಸಿಯ ಬಾಗಿಲಲ್ಲೇ ಅವನನ್ನು ತಡೆದರು. ತಡೆದವರು ನಮ್ಮ ಬಸದಿಯ ಪಂಚರಲ್ಲಿ ಹಿರಿಯರು, ಊರಲ್ಲಿ ಎಲ್ಲರೂ ದಾದಾ ಎಂದು ಕರೆಯುವವರು.

"ಸೂರತ್‌ದಿಂದ ಬಂದಿಯೇನ್ಲೇ? ಅಲ್ಲೇ ನಿಂದ್ರ. ಒಳಗ ಕಾಲ ಇಡಬ್ಯಾಡ."

"ಮನಿಗಿ ಹೊಂಟೇನ್ರಿ ದಾದಾ."

"ಮನಿ ಎಲ್ಲಿ ಓಡಿ ಹೊಕ್ಕೈತಿ? ಜರಾ ದಿನ ಹೊಲದಾಗ ಇರು. ನಿಮ್ಮಪ್ಪಗ ಹೇಳಿ ಕಳಸ್ತೀನಿ."

ಹಿಂದಿನ ಕಾಲದ ಪ್ಲೇಗಿನಲ್ಲಿ ಇಡೀ ಊರೇ ಮನೆ ಬಿಟ್ಟು ಹೊಲಕ್ಕೆ ಹೋಗಿ ಗುಡಿಸಲು ಹಾಕಿಕೊಂಡಿತ್ತು ಎಂದು ನಮ್ಮಲ್ಲಿ ಹೇಳುತ್ತಾರೆ. ಹೊಲದಲ್ಲೇ ಒಲೆ ಹೂಡಿದರಂತೆ, ಅಲ್ಲೇ ಹೆರಿಗೆಗಳಾದವಂತೆ. ಅದು ಒಟ್ಟಿಗೆ ಹೋದವರ ಕಥೆ. ಈ ಸಲ ಊರು ಮನೆಯಲ್ಲಿ ಕುಳಿತು ಒಬ್ಬನನ್ನೇ ಹೊಲಕ್ಕೆ ಕಳಿಸಿತು. ಹಿಂದಿನವರು ಹಾಕಿಕೊಟ್ಟ ಪದ್ಧತಿ ಎಂದು ಅದಕ್ಕೆ ಹೆಸರು ಕೊಟ್ಟರು. ಕಾಕಾ ಎದುರು ಮಾತಾಡಲಿಲ್ಲ. ಹಾಸಿಗೆ, ತಂಬಿಗೆ, ಚಿಮಣಿ ಎಣ್ಣೆ ಎಲ್ಲವನ್ನೂ ಚಕ್ಕಡಿಯಲ್ಲಿ ಹೇರಿ ನೀರೆತ್ತುವ ಮೋಟರಿನ ಖೋಲಿಗೆ ಸಾಗಿಸಿದ.

ಆ ಖೋಲಿಗೆ ಕಿಟಕಿ ಇರಲಿಲ್ಲ. ಸುತ್ತಲೂ ತಲೆ ಮೀರಿ ಬೆಳೆದ ಕಬ್ಬು. ನಾನು ಬುತ್ತಿ ಒಯ್ದು ಹೊರಗಿನ ಕಲ್ಲಿನ ಮೇಲೆ ಇಟ್ಟು ದೂರ ಸರಿಯಬೇಕಾಗಿತ್ತು. ಅವನಿಗೆ ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ, ಪ್ಲೇಗಿನ ಗಂಟೂ ಇರಲಿಲ್ಲ. ಕಣ್ಣು ಮಾತ್ರ ಬೇರೆಯಾಗಿದ್ದವು. ಎದುರಿಗಿದ್ದವರನ್ನು ದಾಟಿ ಹಿಂದೆ ಏನನ್ನೋ ನೋಡುತ್ತಿದ್ದವು.

"ಏನಾಗೇತೋ ತಮ್ಮಾ, ಹೇಳೋ" ಎಂದರೆ, "ಏನಿಲ್ಲಕ್ಕಾ, ನಿದ್ದಿ ಬರವಲ್ದು" ಎಂದಷ್ಟೇ ಹೇಳಿದ.

ರಾತ್ರಿ ಅವನು ಚೀರುತ್ತಾನೆ ಎಂದು ಪಕ್ಕದ ಹೊಲದವರು ದೂರು ತಂದರು. ಕಾಕಾ ಪೇಟೆಯ ಒಬ್ಬ ಡಾಕ್ಟರ ಬಳಿ ಹೋದ. ಡಾಕ್ಟರು ಹುಡುಗನನ್ನು ನೋಡಲು ಬರಲಿಲ್ಲ, ಕರೆತರಬೇಡಿ ಎಂದೂ ಹೇಳಿದರು. ನಿದ್ದೆಯ ಗುಳಿಗೆ ಬರೆದುಕೊಟ್ಟರು. ಮುಂದೆ ಕಾಕಾ ಡಾಕ್ಟರನ್ನೂ ಕೇಳದೆ ಅಂಗಡಿಯಿಂದ ತರುತ್ತಿದ್ದ, ಅಂಗಡಿಯವನು ಪೆಪ್ಪರಮಿಂಟು ಕೊಟ್ಟಂತೆ ಕೊಡುತ್ತಿದ್ದ. ಚೀರುವುದು ನಿಂತಿತು. ಎಲ್ಲರಿಗೂ ಅಷ್ಟೇ ಬೇಕಾಗಿತ್ತು. ಯಾಕೆ ಚೀರುತ್ತಿದ್ದ ಎಂದು ಡಾಕ್ಟರಾಗಲಿ, ಅಂಗಡಿಯವನಾಗಲಿ, ಹೆತ್ತ ಅಪ್ಪನಾಗಲಿ ಕೇಳಲಿಲ್ಲ. ನಾನು ಮತ್ತೆ ಕೇಳುವ ಹೊತ್ತಿಗೆ ಅವನು ಮಾತನ್ನೇ ಬಿಟ್ಟಿದ್ದ.

ಆಮೇಲೆ ಬುತ್ತಿ ಮುಟ್ಟದೆ ವಾಪಸು ಬರತೊಡಗಿತು. ಬಿಚ್ಚಿದರೆ ಭಕ್ಕರಿ ಒಣಗಿರುತ್ತಿತ್ತು, ಪಲ್ಯ ಹಳಸಿರುತ್ತಿತ್ತು. ಈ ಸುದ್ದಿ ನೀರಿನ ನಲ್ಲಿಯವರೆಗೆ ಹೋಯಿತು. ಅಲ್ಲಿ ನೆರೆಮನೆಯವಳು ಕಾಕುವನ್ನು ಕೆಣಕಿದಾಗ ನಾನು ಕೊಡ ಹಿಡಿದು ಹಿಂದೆ ನಿಂತಿದ್ದೆ.

"ನಿಮ್ಮ ಹುಡುಗ ಉಣ್ಣೂದ ಬಿಟ್ಟಾನಂತಲ್ಲ ವೈನಿ? ರೋಗ ಒಳಗ ಹೊಕ್ಕಿರಬೇಕ ನೋಡು."

"ರೋಗ ನಿನ್ನ ನಾಲಿಗಿಗಿ ಹೊಕ್ಕೈತಿ" ಎಂದಳು ಕಾಕು. "ಚಾತುರ್ಮಾಸ ನಡದೈತಿ. ನನ್ನ ಮಗಾ ಒಪ್ಪೊತ್ತು ಹಿಡದಾನ. ಮೌನಾನೂ ಹಿಡದಾನ. ನಿನ್ನ ಮಗನಂಗ ಕೂಳಿಗಿ ಸತ್ತಾವಲ್ಲ."

ಕಾಕುವಿನ ಬಾಯಿಗೆ ಆ ಕ್ಷಣಕ್ಕೆ ಬಂದ ಉತ್ತರ ಅದು. ತಾಯಿಯೊಬ್ಬಳು ಮಗನ ಮಾನ ಉಳಿಸಲು ಎಸೆದ ಮಾತು. ಅದನ್ನು ಅಲ್ಲಿಗೇ ಬಿಟ್ಟಿದ್ದರೆ ಇರುತ್ತಿತ್ತು. ಆದರೆ ಆ ವರ್ಷ ನಮ್ಮ ಬಸದಿಯಲ್ಲಿ ಮುನಿಗಳೊಬ್ಬರು, ನಾವು ಮಹಾರಾಜರು ಎಂದು ಕರೆಯುವವರು, ಚಾತುರ್ಮಾಸಕ್ಕೆ ನಿಂತಿದ್ದರು. ಮಳೆಗಾಲದ ಆ ತಿಂಗಳುಗಳಲ್ಲಿ ನಮ್ಮವರು ಮಹಾರಾಜರ ಎದುರು ನಿಂತು ಏನಾದರೂ ನೇಮ ತೆಗೆದುಕೊಳ್ಳುವುದು ರೂಢಿ. ಒಬ್ಬರು ಹಸಿರು ಪಲ್ಲೆ ಬಿಡುತ್ತಾರೆ, ಒಬ್ಬರು ದಿನಕ್ಕೆ ಒಮ್ಮೆ ಮಾತ್ರ ಉಣ್ಣುತ್ತಾರೆ. ಊರು ಆ ಮಾತನ್ನು ಥಟ್ಟನೆ ನಂಬಿತು. ಮರುದಿನವೇ ದಾದಾ ನಮ್ಮ ಪಡಸಾಲೆಗೆ ಬಂದು ಕುಳಿತರು.

"ಇಷ್ಟ ಸಣ್ಣ ವಯಸ್ಸಿನ್ಯಾಗ ಎಂಥಾ ವೈರಾಗ್ಯರೀ! ಅಂಥಾ ಹುಡುಗನ್ನ ಹೊಲದಾಗ ಇಡೂದ ಬರೋಬರಿ ಅಲ್ಲ. ಮನಿಗಿ ಕರ್ಕೊಂಡ ಬರ್ರಿ."

ಪ್ಲೇಗು ಎಂದು ಹೊರಗಿಟ್ಟವರೇ ವ್ರತ ಎಂದು ಒಳಗೆ ಕರೆದರು. ಜ್ವರವಿಲ್ಲ, ಅವನಿಗೆ ಏನೂ ಆಗಿಲ್ಲ ಎಂದು ನಾನು ಕಿರುಚಿದಾಗ ತೆರೆಯದ ಬಾಗಿಲು, ವ್ರತ ಎಂಬ ಒಂದು ಮಾತಿಗೆ ತೆರೆಯಿತು. ಹಾಗಾಗಿ ಆ ಮಾತನ್ನು ಬಿಡಲು ಮನೆಯವರು ಯಾರೂ ತಯಾರಿರಲಿಲ್ಲ. ದಾರಿ ತಪ್ಪಿಸಿ ನಡೆಯುತ್ತಿದ್ದ ಹೆಂಗಸರು ಕುಂಕುಮದ ಭರಣಿ ಹಿಡಿದು ಬಂದರು. ನಡುಮನೆಯ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಬಿದ್ದಿದ್ದ ಅವನನ್ನು ಹೊಸ್ತಿಲಲ್ಲೇ ನಿಂತು ನೋಡಿ ಕೈ ಮುಗಿದು ಹೋದರು. ಒಳಗೆ ಬರಲು ಮಾತ್ರ ಅಂಜಿಕೆ ಇನ್ನೂ ಇತ್ತು.

ನಾನು ಕಾಕುವಿಗೆ ಹೇಳಿದೆ, "ಕಾಕೂ, ಇದು ವ್ರತ ಅಲ್ಲ. ಅವನ ಮನಸಿಗಿ ಏನೋ ಆಗೇತಿ. ಮಿರಜಿಗಿ ಒಯ್ಯೋಣು, ಅಲ್ಲಿ ಮನಸಿನ ಡಾಕ್ಟರು ಇರ್ತಾರ."

"ಹುಚ್ಚರ ಡಾಕ್ಟರು ಅನ್ನು. ಯಾಕ ನಾಚತಿ?" ಕಾಕು ಒಲೆಯ ಕಡೆಯಿಂದ ತಿರುಗದೆ ಹೇಳಿದಳು. "ನಾಳಿಂದ ನನ್ನ ಮಗಗ ಹೆಣ್ಣ ಯಾರ ಕೊಡ್ತಾರ? ನಿಮ್ಮ ಕಾಲೇಜಿನ್ಯಾವ್ರು ಕೊಡ್ತಾರೇನ?"

ಕಾಕಾ ಇನ್ನೂ ಚೂಪಾಗಿ ಮುಗಿಸಿದ, "ನಾಲ್ಕ ಅಕ್ಷರ ಕಲತಾಕಿ ಅಂತ ಧರ್ಮದಾಗೂ ಕೈ ಹಾಕಬ್ಯಾಡ."

ಧರ್ಮ ಎಂದರೆ ಆಯಿತು, ಅದರ ಮೇಲೆ ಮಾತಿಲ್ಲ. ಒಂದು ವಿಷಯ ನನಗೆ ಆಗಲೇ ತಿಳಿದಿತ್ತು. ನಮ್ಮಲ್ಲಿ ನೇಮ ಎಂದರೆ ಮನಸ್ಸಿಗೆ ಬಂದಂತೆ ಹಿಡಿಯುವುದಲ್ಲ. ಮಹಾರಾಜರ ಮುಂದೆ ಕೈ ಜೋಡಿಸಿ ಬೇಡಬೇಕು, ಅವರು ಕೊಡಬೇಕು. ಊರಿಗೆ ಬಂದ ಮೇಲೆ ತಮ್ಮ ಬಸದಿಯ ಮೆಟ್ಟಿಲು ಹತ್ತಿರಲೇ ಇಲ್ಲ. ಇದು ಊರಿನ ಪ್ರತಿಯೊಬ್ಬರಿಗೂ ಗೊತ್ತಿತ್ತು, ಹೊಲದಲ್ಲಿಟ್ಟವರು ಅವರೇ ಅಲ್ಲವೆ? ಹಾಗಾದರೆ ನೇಮ ಯಾರು ಕೊಟ್ಟರು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದರೆ ವ್ರತ ಹೋಗಿ ಹುಡುಗ ಉಳಿಯುತ್ತಿದ್ದ. ಅವರಿಗೆ ಹುಡುಗನಿಗಿಂತ ವ್ರತ ಸುಲಭವಾಗಿತ್ತು.

ಆ ಮಧ್ಯಾಹ್ನ ನಾನು ಹಿತ್ತಲಲ್ಲಿ ಅರಿವೆ ಒಣಹಾಕಿ ಒಳಗೆ ಬಂದಾಗ ಅವನ ಉಸಿರಿನ ಸದ್ದು ಬೇರೆ ಕೇಳಿಸಿತು. ಗೊರಕೆಯಂತೆ, ಆದರೆ ನಡುನಡುವೆ ನಿಂತು ಬಿಡುವಂಥದು. ಅಲುಗಾಡಿಸಿದೆ. ಕಣ್ಣು ಬಿಡಲಿಲ್ಲ. ಕೆನ್ನೆಗೆ ಹೊಡೆದೆ. ತಲೆ ಒಂದು ಕಡೆ ವಾಲಿತು. ತುಟಿಯ ಬಣ್ಣ ಬದಲಾಗಿತ್ತು. ಚಾಪೆಯ ಅಡಿಯಲ್ಲಿ ನಿದ್ದೆ ಗುಳಿಗೆಯ ಖಾಲಿ ಪಟ್ಟಿ ಸಿಕ್ಕಿತು.

ನನ್ನ ಕೂಗಿಗೆ ಕಾಕು ಓಡಿ ಬಂದಳು. ಕಾಕಾ ಬಂದ. ಅವರ ಹಿಂದೆ ಓಣಿಯೇ ಬಂತು. ಕಾಕುವಿನ ಕಣ್ಣು ಮೊದಲು ಮಗನ ಮೇಲೆ ಬಿತ್ತು, ಆಮೇಲೆ ನನ್ನ ಕೈಯಲ್ಲಿದ್ದ ಪಟ್ಟಿಯ ಮೇಲೆ.

"ಕೊಡ ಅದನ್ನ" ಎಂದಳು. ನಾನು ಕೊಡಲಿಲ್ಲ. ಕಸಿಯಲು ಬಂದಳು. ನಾನು ಸೆರಗಿಗೆ ಗಂಟು ಹಾಕಿಕೊಂಡೆ. ಆ ಹೆಂಗಸು ಮಗನನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದಳು. ಅವನ ಪ್ರಾಣ ಹೋಗುತ್ತಿದ್ದಾಗ ಪಟ್ಟಿಗಾಗಿ ನನ್ನ ಜೊತೆ ಗುದ್ದಾಡಿದಳು. ಈ ಎರಡೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಬದುಕುವುದು ನನಗೆ ಇನ್ನೂ ಒಗ್ಗಿಲ್ಲ.

ಅಷ್ಟರಲ್ಲಿ ದಾದಾ ಬಂದರು. ಹೊಸ್ತಿಲ ಹೊರಗೇ ನಿಂತು ನೋಡಿ, ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡು, "ನಿಶ್ಶಕ್ತಿ ಆಗೇತಿ. ಉಪವಾಸ ಮೈಗಿ ಹತ್ತೇತಿ" ಎಂದರು.

"ಮಾರಿಗಿ ನೀರ ಹೊಡೀಲೇನ್ರಿ?" ಎಂದು ಯಾರೋ ಕೇಳಿದರು.

"ಬ್ಯಾಡ. ಬಾಯಾಗ ಹನಿ ಹೋದ್ರ ನೇಮ ಮುರೀತೈತಿ. ಇಷ್ಟ ದಿನದ ಪುಣ್ಯೇ ಹಾಳಾಗೂದು. ಣಮೋಕಾರ ಹೇಳ್ರಿ ಎಲ್ಲಾರೂ."

ಹೇಳತೊಡಗಿದರು. ನಾನು ಹುಟ್ಟಿದಾಗಿನಿಂದ ಕೇಳಿದ ಮಂತ್ರ ಅದು. ಮಲಗುವಾಗ, ಏಳುವಾಗ, ಪರೀಕ್ಷೆಗೆ ಹೋಗುವಾಗ ಹೇಳಿದ್ದೇನೆ. ಸಾಯುವವರ ಕಿವಿಯಲ್ಲೂ ಅದನ್ನೇ ಹೇಳುತ್ತಾರೆ. ನಡುಮನೆಯ ಬಾಗಿಲಲ್ಲಿ ಗುಂಪು ನಿಂತು ಮೆಲ್ಲಗೆ, ರಾಗವಾಗಿ ಹೇಳುತ್ತಿತ್ತು. ಅವರಲ್ಲಿ ಎಷ್ಟೋ ಜನರ ಮುಖದಲ್ಲಿ ಭಕ್ತಿಯೇ ಇತ್ತು, ಕೆಟ್ಟದ್ದೇನೂ ಇರಲಿಲ್ಲ. ನನ್ನ ತಮ್ಮ ಉಸಿರಾಡುತ್ತಿದ್ದ. ಅವರು ಅವನನ್ನು ಬೀಳ್ಕೊಡುತ್ತಿದ್ದರು. "ಎಂಥಾ ಪುಣ್ಯವಂತ" ಎಂದು ಹಿಂದಿನಿಂದ ಒಬ್ಬಳು ಮೂಗು ಒರೆಸಿಕೊಂಡಳು. ಆ ದನಿ ಈಗಲೂ ನನ್ನ ಕಿವಿಯಲ್ಲಿದೆ. ಅದಕ್ಕೆ ಉತ್ತರ ಕೊಡಲು ಆಗ ಸಮಯವಿರಲಿಲ್ಲ, ಆಮೇಲೆ ಧೈರ್ಯವಿದ್ದರೂ ಅವಳು ಇರಲಿಲ್ಲ.

ನಾನು ಬಸದಿಗೆ ಓಡಿದೆ. ದಾದಾರ ಮಾತನ್ನು ಮೀರಿಸಬಲ್ಲ ಮಾತು ಊರಲ್ಲಿ ಒಂದೇ ಇತ್ತು. ಮಹಾರಾಜರು ಮಧ್ಯಾಹ್ನದ ಸಾಮಾಯಿಕಕ್ಕೆ, ಅಂದರೆ ಧ್ಯಾನಕ್ಕೆ, ಕುಳಿತಿದ್ದರು. ಬಾಗಿಲಲ್ಲಿದ್ದ ಸೇವಕರೊಬ್ಬರು ಅಡ್ಡ ಬಂದರು.

"ಧ್ಯಾನದಾಗ ಅದಾರವಾ. ಆಮ್ಯಾಲ ಬಾ."

"ಆಮ್ಯಾಲ ಅಂವ ಇರೂದಿಲ್ರೀ!" ಎಂದು ಕೂಗಿದೆ. ಬಸದಿಯಲ್ಲಿ ಹೆಣ್ಣುಮಗಳು ಹಾಗೆ ಕೂಗಿದ್ದು ಅದೇ ಮೊದಲಿರಬೇಕು. "ಮಹಾರಾಜರ, ನನ್ನ ತಮ್ಮಗ ನೀವು ನೇಮ ಕೊಟ್ಟೀರೇನ್ರಿ? ಉಪವಾಸ ಮಾಡಂದೀರೇನು? ಗುಳಿಗಿ ನುಂಗಿ ಬಿದ್ದಾನ್ರಿ. ಮಂದಿ ಣಮೋಕಾರ ಹೇಳಾಕತ್ತಾರ."

ಅವರು ಕಣ್ಣು ತೆರೆದರು. ನನ್ನನ್ನು ಒಂದು ಕ್ಷಣ ನೋಡಿ, ಸೇವಕರ ಕಡೆ ತಿರುಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು, "ನಾ ಯಾರಿಗೂ ಕೊಟ್ಟಿಲ್ಲ. ಆ ಹುಡುಗನ ಮಾರೀನೂ ನೋಡಿಲ್ಲ. ನೀ ಈಕಿ ಸಂಗಾಟ ಹೋಗಿ ಹೇಳು. ದವಾಖಾನಿಗಿ ಒಯ್ಲಿ. ತಡಾ ಮಾಡಿದವರಿಗಿ ಪಾಪ."

ಸೇವಕರು ನನ್ನ ಜೊತೆ ಬಂದು ಅದನ್ನೇ ಓಣಿಯಲ್ಲಿ ನಿಂತು ಹೇಳಿದರು. ಮಂತ್ರ ನಿಂತಿತು. ದಾದಾ ಟೋಪಿ ತೆಗೆದು ತಲೆ ಕೆರೆದುಕೊಂಡರು. ಗುಂಪು ಎಷ್ಟು ಬೇಗ ಕರಗಿತೆಂದರೆ, ಅವನನ್ನು ಎತ್ತಲು ಕೈ ಸಾಲಲಿಲ್ಲ. ಪುಣ್ಯವಂತ ಒಂದೇ ಗಳಿಗೆಯಲ್ಲಿ ಮತ್ತೆ ಸೂರತ್ತಿನವನಾಗಿದ್ದ.

ಪಕ್ಕದ ಓಣಿಯಲ್ಲಿ ಜೀಪು ಇಟ್ಟವನೊಬ್ಬನಿದ್ದ. ಕಾಕಾ ಅವನ ಬಾಗಿಲು ಬಡಿದ.

"ನಾ ಒಲ್ಲೆರಿಪಾ. ನಾಳೆ ಈ ಜೀಪಿನ್ಯಾಗ ಯಾರ ಕೂಡ್ತಾರ? ನನ್ನ ಹೊಟ್ಟಿ ಮ್ಯಾಲ ಕಲ್ಲ ಹಾಕಬ್ಯಾಡ್ರಿ."

"ಅಲ್ಲೋ, ನಿನ್ನೆ ನಿನ್ನ ಹೇಂತಿ ಬಂದು ಅವನಿಗಿ ಕೈ ಮುಗದ ಹೋಗ್ಯಾಳಲ್ಲೋ!" ಎಂದೆ.

"ಕೈ ಮುಗ್ಯೂದಕ್ಕ ಡಿಜೆಲ್ ಬೇಕಿಲ್ಲವಾ" ಎಂದು ಅವನು ಬಾಗಿಲು ಹಾಕಿಕೊಂಡ.

ಕೊನೆಗೆ ನಮ್ಮದೇ ಟ್ರ್ಯಾಕ್ಟರು. ಟ್ರೇಲರಿಗೆ ಜೋಳದ ಕಣಕಿ ಹಾಸಿ, ಅದರ ಮೇಲೆ ಅವನನ್ನು ಮಲಗಿಸಿ, ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಕಾಕು ಅವನ ಪಾದ ಹಿಡಿದು ಕುಳಿತಳು. ಕಾಕಾ ಓಡಿಸಿದ. ಆ ದಾರಿಯನ್ನು ನಾನು ಎಷ್ಟು ಸಲ ಮತ್ತೆ ಪ್ರಯಾಣ ಮಾಡಿದ್ದೇನೋ ಲೆಕ್ಕವಿಲ್ಲ. ಅಡುಗೆ ಮಾಡುವಾಗ, ಬಸ್ಸಿನಲ್ಲಿ ಕುಳಿತಾಗ, ನಾನು ಈಗ ಕಲಿಸುವ ತರಗತಿಯಲ್ಲಿ ಮಕ್ಕಳು ಬರೆಯುತ್ತಿರುವಾಗ. ತಗ್ಗು ಬಂದಾಗ ಅವನ ತಲೆ ಎಗರುತ್ತದೆ, ನಾನು ಒತ್ತಿ ಹಿಡಿಯುತ್ತೇನೆ. ಉಸಿರು ನಿಲ್ಲುತ್ತದೆ. ನಾನು ಅವನ ಎದೆ ತಟ್ಟುತ್ತೇನೆ. ಉಸಿರು ಬರುತ್ತದೆ. ಉಗಾರದ ಕಾರ್ಖಾನೆಯ ಚಿಮಣಿ ಹೊಗೆಯಿಲ್ಲದೆ ನಿಂತಿದೆ, ಕಬ್ಬು ಅರೆಯುವ ಹಂಗಾಮು ಇನ್ನೂ ಶುರುವಾಗಿಲ್ಲ. ಅದನ್ನು ದಾಟಿದರೆ ಅರ್ಧ ದಾರಿ ಎಂದುಕೊಳ್ಳುತ್ತೇನೆ. ಅದು ದಾಟುವುದೇ ಇಲ್ಲ.

ಕಾಗವಾಡದ ಹತ್ತಿರ ಮಹಾರಾಷ್ಟ್ರದ ಗಡಿಯಲ್ಲಿ ಪೊಲೀಸರು ಗಾಡಿಗಳನ್ನು ತಡೆಯುತ್ತಿದ್ದರು. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಒಬ್ಬ ಪೇದೆ ಟ್ರೇಲರಿನ ಹತ್ತಿರ ಬಂದು ಇಣುಕಿದ.

"ಏನಾಗೇತ್ರಿ ಇವನಿಗಿ? ಜ್ವರಾ ಐತೇನು?"

"ಇಲ್ರಿ ಸಾಹೇಬ್ರ. ಚಾತುರ್ಮಾಸದ ಉಪವಾಸ್ರಿ. ಚಕ್ಕರ ಬಂದ ಬಿದ್ದಾನ" ಎಂದ ಕಾಕಾ.

ಪೇದೆ ಕೈ ಮುಗಿದ. "ಹೋಗ್ರಿ, ಹೋಗ್ರಿ" ಎಂದು ದಾರಿ ಬಿಟ್ಟ. ಆ ಸುಳ್ಳಿಗೆ ನಾನು ಬಾಯಿ ಮುಚ್ಚಿಕೊಂಡಿದ್ದೆ, ಗಾಡಿ ಹೊರಟರೆ ಸಾಕಾಗಿತ್ತು. ಆದರೆ ಕಾಕಾನ ಬೆನ್ನು ನೆಟ್ಟಗಾದದ್ದು ನನಗೆ ಹಿಂದಿನಿಂದ ಕಂಡಿತು. ಈ ಮಾತು ಎಲ್ಲ ಬಾಗಿಲನ್ನೂ ತೆರೆಯುತ್ತದೆ ಎಂದು ಅವನಿಗೆ ಖಾತ್ರಿಯಾಯಿತು. ಇದನ್ನೇ ದವಾಖಾನೆಯಲ್ಲೂ ಹೇಳುತ್ತಾನೆ ಎಂದು ನನಗೆ ಖಾತ್ರಿಯಾಯಿತು.

ಹಾಗೆಯೇ ಆಯಿತು. ಮಿರಜಿನ ದವಾಖಾನೆಯ ಬಾಗಿಲಲ್ಲಿ ಇಳಿಯುವ ಮುಂಚೆ ಕಾಕಾ ಹಿಂದೆ ಬಂದು ನನ್ನ ತೋಳು ಹಿಡಿದ. "ಗುಳಿಗಿ ಮಾತ ಎತ್ತಬ್ಯಾಡ. ಪೊಲೀಸ ಕೇಸ ಆಕ್ಕೈತಿ. ಮನಿತನದ ಮಾನ ಹೊಕ್ಕೈತಿ. ಕೇಳಿಸ್ತೇನು?"

ಒಳಗೆ ವಯಸ್ಸಿನಲ್ಲಿ ಸಣ್ಣವರಾದ ಒಬ್ಬ ಲೇಡಿ ಡಾಕ್ಟರು ಅವನ ಕಣ್ಣಿನ ರೆಪ್ಪೆ ಎತ್ತಿ ನೋಡುತ್ತ ಮರಾಠಿಯಲ್ಲಿ ಏನಾಯಿತು ಎಂದು ಕೇಳಿದರು.

"ಉಪವಾಸ ಆಹೇ, ಡಾಕ್ಟರ. ಅಶಕ್ತಪಣಾ" ಎಂದ ಕಾಕಾ.

ಡಾಕ್ಟರು ನರ್ಸಿಗೆ ಗ್ಲುಕೋಸ್ ಬಾಟಲಿ ತರಲು ಹೇಳಿದರು. ನರ್ಸು ಹೊರಟಳು. ಆ ನರ್ಸಿನ ಚಪ್ಪಲಿಯ ಸದ್ದು ದೂರವಾಗುತ್ತಿದ್ದುದು ನನಗೆ ಇವತ್ತಿಗೂ ಕೇಳಿಸುತ್ತದೆ. ನಾನು ಸೆರಗಿನ ಗಂಟು ಬಿಚ್ಚಲು ಹೋದೆ. ಬೆವರಿಗೆ ಬಿಗಿದಿತ್ತು, ಹಲ್ಲಿನಿಂದ ಬಿಚ್ಚಿದೆ. ಖಾಲಿ ಪಟ್ಟಿಯನ್ನು ಡಾಕ್ಟರ ಕೈಯಲ್ಲಿ ಇಟ್ಟು, ನನಗೆ ಬಂದಷ್ಟು ಮರಾಠಿಯಲ್ಲಿ, ಉಪವಾಸವಲ್ಲ, ನಿದ್ದೆಯ ಗುಳಿಗೆ ನುಂಗಿದ್ದಾನೆ, ಸಾಯಲು ನುಂಗಿದ್ದಾನೆ ಎಂದೆ.

ಕಾಕಾ ನನ್ನ ಕೆನ್ನೆಗೆ ಹೊಡೆದ. ಎಲ್ಲರ ಎದುರು. ನನ್ನನ್ನು ಬೆಳೆಸಿದ ಕೈ ಅದು, ಅದಕ್ಕೂ ಮೊದಲು ಒಮ್ಮೆಯೂ ಎತ್ತಿರಲಿಲ್ಲ. ಡಾಕ್ಟರು ಅವನ ಕಡೆ ನೋಡಲೂ ಇಲ್ಲ. "ಬಾಹೇರ ವ್ಹಾ" ಎಂದು ಅವನನ್ನು ಹೊರಗೆ ಕಳಿಸಿ, ನರ್ಸನ್ನು ಕೂಗಿ ವಾಪಸು ಕರೆದು, ಪರದೆ ಎಳೆದರು. ನಾನು ಪರದೆಯ ಈಚೆಗೆ ನಿಂತೆ. ಕೆನ್ನೆ ಉರಿಯುತ್ತಿತ್ತು. ಒಳಗೆ ನಳಿಗೆಯ, ನೀರಿನ, ಬಕೀಟಿನ ಸದ್ದು. ಡಾಕ್ಟರು ಹೊರಬಂದಾಗ ಅವರ ಅಂಗಿ ಒದ್ದೆಯಾಗಿತ್ತು. ಉಳಿಯಬಹುದು ಎಂದರು. ಸ್ವಲ್ಪ ತಡವಾಗಿದ್ದರೆ ಎಂದು ಶುರುಮಾಡಿ, ನನ್ನ ಮುಖ ನೋಡಿ, ಆ ಮಾತನ್ನು ಅಲ್ಲಿಗೇ ಬಿಟ್ಟರು.

ಅವನು ಉಳಿದ. ಕಣ್ಣು ಬಿಟ್ಟ. ಕಾಕು ತಲೆ ಸವರುತ್ತ ಅಳುತ್ತಿದ್ದಳು, ಅವನು ಫ್ಯಾನು ನೋಡುತ್ತಿದ್ದ. ಅವಳು ಚಹಾ ತರಲು ಹೋದಾಗ ನಾನು ಕುರ್ಚಿ ಎಳೆದುಕೊಂಡು ಕುಳಿತು, ಏನನ್ನೂ ಕೇಳಲಿಲ್ಲ. ಅವನೇ ಶುರುಮಾಡಿದ.

"ನಾ ಡಾಕ್ಟರನ ಕರ್ಕೊಂಡ ಬರ್ತೀನಿ ಅಂತ ಹೇಳಿ ಹೋದ್ನಕ್ಕಾ."

ಪಾಲಬಾವಿಯ ಗೆಳೆಯನಿಗೆ ಸೂರತ್ತಿನಲ್ಲಿ ಜ್ವರ ಬಂದಿತ್ತು. ಅಂಗಡಿಯ ಸಾಹುಕಾರ ಅಂಗಡಿಗೆ ಬೀಗ ಹಾಕಿ ಊರು ಬಿಟ್ಟಿದ್ದ. ಗಲ್ಲಿ ಖಾಲಿಯಾಗುತ್ತಿತ್ತು. ಗೆಳೆಯ ಕೆಮ್ಮುತ್ತ, ನೀರು ಕೇಳುತ್ತ ಮಲಗಿದ್ದ. ತಮ್ಮ ಡಾಕ್ಟರನ್ನು ಹುಡುಕಿ ಹೊರಟ. ತೆರೆದ ದವಾಖಾನೆ ಸಿಗಲಿಲ್ಲ. ಜನ ಓಡುತ್ತಿದ್ದ ಕಡೆ ಅವನ ಕಾಲೂ ಓಡಿತು, ಸ್ಟೇಷನ್ನು ಬಂತು, ರೈಲು ನಿಂತಿತ್ತು.

"ರೈಲ ಬಿಟ್ಟ ಮ್ಯಾಲ ನೆಪ್ಪಾತು, ಅಂವ ನೀರ ಕೇಳಿದ್ದಾ ಅಂತ. ಕೊಟ್ಟಿದ್ನೋ ಇಲ್ಲೋ, ಅದ ನೆಪ್ಪ ಆಗವಲ್ದು. ಅಂವ ಸತ್ತಾನಕ್ಕಾ. ನಾ ಕೊಂದೇನಿ. ಉಣ್ಣಾಕ ಕುಂತ್ರ ಅವನ ಬಾಯಿ ಕಾಣ್ತೈತಿ."

ಹೊರಗೆ ವರಾಂಡದಲ್ಲಿ ಕಾಕಾ ಕಂಬಕ್ಕೆ ಒರಗಿ ಕುಳಿತಿದ್ದ. ಹೊಡೆದ ಮೇಲೆ ನಾವಿಬ್ಬರೂ ಮಾತಾಡಿರಲಿಲ್ಲ. ಅವನ ಎದುರು ನಿಂತು ಇದನ್ನೆಲ್ಲ ಹೇಳಿದೆ. ಅವನು ತಲೆ ಎತ್ತಿದ.

"ಯಾವ ಗೆಳೆಯಾ? ಆ ಪಾಲಬಾವಿ ಹುಡುಗೇನು? ಅಂವ ಎಲ್ಲಿ ಸತ್ತಾನ? ಅಂವ ಊರಿಗಿ ಬಂದಿದ್ನಲ್ಲ!"

ನನಗೆ ಮೊದಲು ಅರ್ಥವಾಗಲಿಲ್ಲ. ಕಾಕಾ ಬಿಡಿಸಿ ಹೇಳಿದ. ಸೂರತ್ತಿನಲ್ಲಿ ಯಾರೋ ಪುಣ್ಯಾತ್ಮರು ಆ ಹುಡುಗನಿಗೆ ಔಷಧ ಕೊಡಿಸಿದ್ದರು, ಗುಣವಾಗಿತ್ತು. ತಮ್ಮನನ್ನು ಹುಡುಕಿಕೊಂಡು ನಮ್ಮ ಊರಿನ ಅಗಸಿಯವರೆಗೆ ಬಂದಿದ್ದ. ಅಲ್ಲಿ ದಾದಾ ತಡೆದಿದ್ದರು. ಸೂರತ್ತಿನವನು ಎಂದು ಒಂದು ಕಾರಣ. ಇನ್ನೊಂದು ಕಾರಣವನ್ನು ಕಾಕಾನೇ ಹೇಳಿದ, ಹೇಳುತ್ತ ಹೇಳುತ್ತ ಅವನ ದನಿ ಕುಸಿಯಿತು.

"ಮೌನದಾಗ ಇದ್ದಾವನ ಮನಸ ಕೆಡಸಬಾರ್ದಂತ ದಾದಾ ಅಂದ್ರು. ನಾನೂ ಹೂಂ ಅಂದೆ. ಅವನಿಗಿ ಹೇಳಲಿಲ್ಲ."

ನನ್ನ ಕೈಯಲ್ಲಿ ಉಕ್ಕಿನ ಲೋಟವಿತ್ತು. ಅದನ್ನು ಗೋಡೆಗೆ ಎಸೆದೆ. ವಾರ್ಡಿನವರೆಲ್ಲ ತಿರುಗಿ ನೋಡಿದರು. ಒಂದೇ ಒಂದು ಮಾತು. 'ನಿನ್ನ ಗೆಳೆಯ ಬದುಕಿದ್ದಾನೆ' ಎಂಬ ಇಷ್ಟೇ ಮಾತು ನಮ್ಮ ಊರಿನ ಬಾಗಿಲವರೆಗೆ ನಡೆದು ಬಂದಿತ್ತು. ಯಾವ ಔಷಧವೂ ಮಾಡದ ಕೆಲಸವನ್ನು ಅದು ಮಾಡುತ್ತಿತ್ತು. ಅದನ್ನು ವಾಪಸು ಕಳಿಸಿದರು, ವ್ರತ ಕೆಡಬಾರದೆಂದು.

ಮರುದಿನ ನಾನು ರಾಯಬಾಗಕ್ಕೆ ಹೋಗಿ, ಅಲ್ಲಿಂದ ಪಾಲಬಾವಿಗೆ ಹೋದೆ. ಆ ಹುಡುಗ ಕುರಿಗಳ ಹಿಂದೆ ಇದ್ದ. ಕಂಬಳಿ ಹೆಗಲಿಗೆ ಹಾಕಿಕೊಂಡು ಹಾಗೆಯೇ ನನ್ನ ಜೊತೆ ಹೊರಟ. ದಾರಿಯಲ್ಲಿ "ನಾ ಬಂದಿದ್ನಿ ಅಕ್ಕಾರ, ಬಿಡಲಿಲ್ಲ" ಎಂದು ಎರಡು ಮೂರು ಸಲ ಅಂದ. ವಾರ್ಡಿನ ಬಾಗಿಲಲ್ಲಿ ನಿಂತು ಹಾಸಿಗೆಯ ಕಡೆ ನೋಡಿದ. ತಮ್ಮ ಅವನನ್ನು ನೋಡಿ ಗೋಡೆಗೆ ಅಂಟಿದಂತೆ ಹಿಂದೆ ಸರಿದ, ಸತ್ತವನು ಎದ್ದು ಬಂದನೆಂಬಂತೆ.

"ಡಾಕ್ಟರನ ಕರ್ಕೊಂಡ ಬರ್ತೀನಂತ ಹೋದಾವ, ನೀನ ಡಾಕ್ಟರ ಮನ್ಯಾಗ ಬಂದ ಮಲಗಿಯಲ್ಲಲೇ!" ಎಂದ ಆ ಹುಡುಗ.

"ನೀರ..." ಎಂದ ತಮ್ಮ. ಅಷ್ಟೇ ಹೊರಬಂತು.

"ಕೊಟ್ಟಿದ್ಯೋ ಮಾರಾಯಾ. ತಂಬಿಗಿ ತುಂಬಿಸಿ ತಲಿ ಕಡೆ ಇಟ್ಟ ಹೋಗಿದ್ದಿ. ಅದನ್ನ ಕುಡಿದ ಜೀವಾ ಹಿಡದೇನಿ."

ತಮ್ಮ ಅಳತೊಡಗಿದ. ಹೊಲದ ಖೋಲಿಯಲ್ಲಿ ಚೀರಿದವನು ನಮ್ಮ ಮನೆಯಲ್ಲಿ ಒಮ್ಮೆಯೂ ಅತ್ತಿರಲಿಲ್ಲ. ಆ ಹುಡುಗ ಹಾಸಿಗೆಯ ಮೇಲೆ ಕುಳಿತು, ಕಂಬಳಿಯನ್ನು ಇಬ್ಬರ ಮೇಲೂ ಎಳೆದುಕೊಂಡು, ಬೈಯುತ್ತ ಬೈಯುತ್ತ ತಾನೂ ಅತ್ತ. ನೋಡಿದವರು ಇದನ್ನು ಸಂತೋಷದ ಗಳಿಗೆ ಎನ್ನಬಹುದು. ನನಗೆ ಆ ಸಂತೋಷ ಬರಲಿಲ್ಲ. ಇಷ್ಟು ಸುಲಭವಿತ್ತು ಎಂಬುದೊಂದೇ ನನ್ನ ತಲೆಯಲ್ಲಿ ಕುದಿಯುತ್ತಿತ್ತು.

ಅಲ್ಲಿ ಮನಸ್ಸಿನ ಡಾಕ್ಟರೂ ಅವನನ್ನು ನೋಡಿದರು. ಗೆಳೆಯ ಬಂದ ಮಾತ್ರಕ್ಕೆ ಎಲ್ಲ ಗುಣವಾಗುವುದಿಲ್ಲ, ಔಷಧ ಬೇಕು, ಆಗಾಗ ಬಂದು ಮಾತಾಡಬೇಕು ಎಂದರು. ಕಾಕಾ ತಲೆ ತಗ್ಗಿಸಿ ಕೇಳಿಸಿಕೊಂಡ.

ಬಿಡುಗಡೆಗೆ ಮುಂಚೆ ದಾದಾ ಬಂದರು. ಕೈಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು. ಹಾಸಿಗೆಯಿಂದ ದೂರ ಸ್ಟೂಲು ಎಳೆದುಕೊಂಡು ಕುಳಿತರು. ಊರಲ್ಲಿ ಎಲ್ಲರಿಗೂ ಹೇಳಿದ್ದೇವೆ, ಉಪವಾಸವನ್ನು ಮೈ ತಡೆಯಲಿಲ್ಲ, ಅಷ್ಟೇ ಎಂದರು. "ನೇಮ ಅರ್ಧಕ್ಕ ನಿಂತದ್ದಕ್ಕ ಬ್ಯಾಸರ ಮಾಡ್ಕೋಬ್ಯಾಡಪಾ. ಮುಂದಿನ ಚಾತುರ್ಮಾಸಕ್ಕ ಪೂರಾ ಮಾಡಿದ್ರಾತು."

ನಾನು ಬಾಯಿ ತೆರೆಯುವಷ್ಟರಲ್ಲಿ ತಮ್ಮ ಎದ್ದು ಕುಳಿತ. ದನಿ ಇನ್ನೂ ಒಡೆದಿತ್ತು, ಗಂಟಲಿಗೆ ನಳಿಗೆ ಹಾಕಿದ ನೋವು ಹೋಗಿರಲಿಲ್ಲ.

"ದಾದಾ, ನಾ ಯಾವ ನೇಮಾನೂ ಹಿಡದಿರಲಿಲ್ಲ. ನನಗ ಬದುಕೂದ ಬ್ಯಾಡಾಗಿತ್ತು. ಸಾಯಾಕ ಗುಳಿಗಿ ನುಂಗಿದ್ನಿ."

ಪಕ್ಕದ ಹಾಸಿಗೆಯವರಿಗೂ ಕೇಳಿಸಿತು. ದಾದಾ ಬಾಗಿಲ ಕಡೆ ನೋಡಿದರು, ಕಾಕಾನ ಕಡೆ ನೋಡಿದರು. "ಹಂಗ ಯಾರ ಮುಂದೂ ಅನಬ್ಯಾಡ ತಮ್ಮಾ. ಮಂದಿ ಏನಂದಾರು?"

"ಕೇಳಿದವರಿಗೆಲ್ಲಾ ಅಂತೀನ್ರಿ. ಅನಲಿಲ್ಲಂದ್ರ ಮತ್ತ ನುಂಗ್ತೀನಿ."

ದಾದಾ ಕಾಕಾನಿಗೆ, "ನಿನ್ನ ಮಗಗ ಜರಾ ತಿಳಿಸಿ ಹೇಳಪಾ" ಎಂದರು. ಕಾಕಾ ಮಂಚದ ಕಬ್ಬಿಣ ಹಿಡಿದು ನಿಂತಿದ್ದ. ಮಗನ ಮುಖ ನೋಡಿದ.

"ಅಂವ ಹೇಳಿದ್ದ ಖರೆ ಐತ್ರಿ ದಾದಾ" ಎಂದ.

ದಾದಾ ಟೋಪಿ ಹಾಕಿಕೊಂಡು ಎದ್ದು, ಐನಾಪುರದ ಬಸ್ಸು ಯಾವಾಗ ಎಂದು ಕೇಳಿದರು. ನಾನು ತಮ್ಮನ ಹೊದಿಕೆ ಸರಿಮಾಡಿದೆ. ಕಾಕಾ ಮಗನ ಪಕ್ಕ ಮಂಚದ ಮೇಲೆ ಕುಳಿತ. ಅವರು ತಾವೇ ವಿಚಾರಿಸಿಕೊಂಡು ಹೋದರು.